ಏರುಮಡಿಯ ಮಣ್ಣಿನ ಗೋಡೆ: ಒಳಗಿನಿಂದ ಬರುವ ನೀರು

ಎಲ್ಲರಿಗೂ ನಮಸ್ಕಾರ.

ಏರುಮಡಿಗೆ, ಅಂದರೆ ಸುತ್ತ ಗೋಡೆ ಕಟ್ಟಿ ಮಣ್ಣು ತುಂಬಿ ನೆಲದಿಂದ ಎತ್ತರಿಸಿದ ಗಿಡದ ಮಡಿಗೆ, ಮಣ್ಣಿನ ಗೋಡೆ ಕಟ್ಟೋಣ ಎಂದರೆ ‘ಮಳೆಗೆ ಕರಗಿಹೋಗುವುದಿಲ್ಲವೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸರಿಯೇ, ಆದರೆ ಹೆಚ್ಚು ಹೆದರಬೇಕಾದ ನೀರು ಬೇರೆ. ಯೆಮನ್ ದೇಶದ ಶಿಬಾಮ್‌ನಲ್ಲಿ ಹಸಿ ಇಟ್ಟಿಗೆಯ ಬಹುಮಹಡಿ ಮನೆಗಳು ಶತಮಾನಗಳಿಂದ ನಿಂತಿವೆ. ಮಳೆ ಕಡಿಮೆ ಎಂಬುದೊಂದೇ ಕಾರಣವಲ್ಲ. ಮನೆಯ ಗೋಡೆಯ ಒಳಮೈ ಸದಾ ಒಣಗಿರುತ್ತದೆ. ಮಡಿಯ ಗೋಡೆಗೆ ಆ ಭಾಗ್ಯವಿಲ್ಲ. ಅದರ ಬೆನ್ನಿಗೆ ಒದ್ದೆ ಮಣ್ಣು ತುಂಬಿ, ಮೇಲಿಂದ ನಾವೇ ನೀರುಣಿಸುತ್ತಿರುತ್ತೇವೆ. ಮನೆ ಕಟ್ಟುವ ಕ್ರಮದಲ್ಲೇ ಕಟ್ಟಿದ ಮಡಿ ಬೇಗ ಕುಸಿಯುವುದು ಇದಕ್ಕೇ.

ಮೊದಲು ಮಣ್ಣು. ಅಗೆಯುವಾಗ ಸಿಗುವ ಕಪ್ಪಗಿನ ಮೇಲ್ಮಣ್ಣನ್ನು ಪಕ್ಕಕ್ಕೆ ಹಾಕಿ. ಅದರಲ್ಲಿ ಕೊಳೆತ ಎಲೆ, ಬೇರು ಇರುತ್ತವೆ. ಗೋಡೆಗೆ ಬಾರದು, ಗಿಡಕ್ಕೆ ಅದೇ ಬೇಕು. ಗೋಡೆಗೆ ಕೆಳಗಿನ ಮಣ್ಣು. ಒಂದೇ ಗುಂಡಿಯಿಂದ ಎರಡೂ ಸಿಗುತ್ತವೆ ಎಂಬುದು ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ. ಎರೆಮಣ್ಣನ್ನು ಮಾತ್ರ ನಂಬಬೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ನುಣ್ಣನೆಯ ಗೋಡುಮಣ್ಣು ಕೆಲವು ಗಂಟೆಗಳಲ್ಲಿ ಕೂರುತ್ತದೆ. ಜೇಡಿ ಕೂತು ನೀರು ತಿಳಿಯಾಗಲು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಜೇಡಿ ಸುಮಾರು ಕಾಲು ಭಾಗವಿದ್ದು ಉಳಿದದ್ದರಲ್ಲಿ ಮರಳೇ ಹೆಚ್ಚಿದ್ದರೆ ಒಳ್ಳೆಯ ಮಣ್ಣು. ಹುಲ್ಲು ಸೇರಿಸಿ ತುಳಿದು ಹದ ಮಾಡಿದ ಮೇಲೆ ಮುಷ್ಟಿಗಾತ್ರದ ಉಂಡೆಯನ್ನು ಸೊಂಟದೆತ್ತರದಿಂದ ಬೀಳಿಸಿ. ರೊಟ್ಟಿಯಂತೆ ಚಪ್ಪಟೆಯಾದರೆ ನೀರು ಹೆಚ್ಚಾಗಿದೆ. ಪುಡಿಪುಡಿಯಾದರೆ ಜೇಡಿ ಅಥವಾ ನೀರು ಸಾಲದು. ಆಕಾರ ಕೆಡದೆ ತುಸು ತಗ್ಗಿ ಕುಳಿತರೆ ಗೋಡೆ ಏರಿಸಬಹುದು.

ಈಗ ನೀರಿನ ವಿಚಾರಕ್ಕೆ ಬರೋಣ. ನೆಲದಿಂದ ಒಂದು ಅಡಿಯಷ್ಟು ಕಾಡುಕಲ್ಲು ಜೋಡಿಸಿ, ಗಾರೆ ಹಾಕದೆ. ಸಂದುಗಳಿಂದ ಹೆಚ್ಚುವರಿ ನೀರು ಹೊರಗೆ ಬಸಿಯುತ್ತದೆ, ನೆಲದ ತೇವವೂ ಮೇಲೇರುವುದಿಲ್ಲ. ಅದರ ಮೇಲೆ ಮಣ್ಣಿನ ಗೋಡೆ, ಒಂದು ಅಡಿ ದಪ್ಪ, ಒಂದು ಅಡಿ ಎತ್ತರ ಸಾಕು. ಒಳಮೈಗೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸಿದ ಗಾರೆ. ಸುರ್ಕಿ ಸುಣ್ಣದೊಡನೆ ಕೂಡಿ ತೇವದಲ್ಲೂ ಗಟ್ಟಿಯಾಗುತ್ತದೆ. ಆ ಗಾರೆಗೂ ತುಂಬಿದ ಮಣ್ಣಿಗೂ ನಡುವೆ ನಾಲ್ಕು ಬೆರಳಿನಷ್ಟು ಜಲ್ಲಿ ಸುರಿದರೆ ನೀರು ಗೋಡೆಗೆ ಒತ್ತದೆ ನೇರ ಕೆಳಗಿಳಿಯುತ್ತದೆ. ಹೊರಮೈಗೆ ತೆಳು ಸುಣ್ಣದ ಗಾರೆ ಅಥವಾ ಮಣ್ಣಿನ ಲೇಪ. ಸಿಮೆಂಟ್ ಬೇಡವೇ ಬೇಡ. ಹೇಗೋ ಒಳಹೊಕ್ಕ ತೇವ ಅದರ ಹಿಂದೆ ಸಿಕ್ಕಿಕೊಂಡು, ಹೊರಗೆ ನೋಡಲು ಗಟ್ಟಿ ಇದ್ದ ಗೋಡೆ ಒಳಗೇ ಮೆತ್ತಗಾಗುತ್ತದೆ. ಗೋಡೆಯ ತಲೆಗೆ ಚಪ್ಪಡಿ ಕಲ್ಲು ಹೊದಿಸಿ, ಎರಡು ಬೆರಳು ಹೊರಚಾಚಿರಲಿ. ಸುಣ್ಣ ಕೈ ಸುಡುತ್ತದೆ, ಕೈಗವಸು ಮರೆಯಬೇಡಿ.

ಅಗಲ ನಾಲ್ಕು ಅಡಿ ಮೀರಿದರೆ ನಡುವಿನ ಕಳೆಗೆ ಕೈ ಎಟುಕದು. ಮೂಲೆಗಳನ್ನು ಬಾಗಿಸಿ ಕಟ್ಟಿ. ಒಳಗಿನ ಮಣ್ಣಿನ ಒತ್ತಡಕ್ಕೆ ಚೂಪು ಮೂಲೆ ಮೊದಲು ಬಿರುಕು ಬಿಡುತ್ತದೆ. ಸುಣ್ಣದ ಪಕ್ಕದ ಮಣ್ಣು ಸ್ವಲ್ಪ ಕ್ಷಾರವಾಗುವುದರಿಂದ ಹುಳಿಮಣ್ಣು ಬಯಸುವ ಗಿಡಗಳನ್ನು ಅಂಚಿನಲ್ಲಿ ನೆಡಬೇಡಿ. ಕೊನೆಯದಾಗಿ, ಗೋಡೆ ಪೂರ್ತಿ ಒಣಗುವ ಮೊದಲು ಮಣ್ಣು ತುಂಬುವ ಆತುರ ಬೇಡ. ಒಣಗಿದ ಗೋಡೆಯ ಬಣ್ಣ ತಿಳಿಯಾಗುತ್ತದೆ, ಅಂಗೈ ಇಟ್ಟರೆ ತಣ್ಣಗೆ ತಾಗುವುದಿಲ್ಲ. ಅಲ್ಲಿಯವರೆಗೆ ಸಸಿಗಳು ಕುಂಡದಲ್ಲೇ ಇರಲಿ.