ಟ್ರೆಕ್ಕಿಂಗ್‌ಗೂ ಡಿಗ್ರಿನಾ? ಒಂದೂವರೆ ಮೀಟರ್ ನಡೆದ ಕಥೆ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ನನ್ನ ಶೂ. ಒಂದೂವರೆ ಮೀಟರ್ ಮುಂದಕ್ಕೆ ಹೋಗುತ್ತೆ, ಪಟ್ಟಿಯಿಂದ ಆಚೆ ಇಳಿದು ತಿರುಗುತ್ತೆ, ಮತ್ತೆ ಒಂದೂವರೆ ಮೀಟರ್ ವಾಪಸ್ ಬರುತ್ತೆ. ವಿಡಿಯೋ ಸಿಕ್ಕಾಕೊಂಡಿಲ್ಲ, ನಿಮ್ಮ ನೆಟ್ಟೂ ಸರಿಯಾಗೇ ಇದೆ. ಇದು 180ನೇ ಸಲ, ಅಷ್ಟೇ. ಇನ್ನೂ 320 ಬಾಕಿ ಇದೆ. ಪಕ್ಕದಲ್ಲಿ ಕೂತು ಕೌಂಟರ್ ಒತ್ತುತ್ತಿರೋ ನನ್ನ ಗೆಳತಿ ನಗು ತಡ್ಕೊಳ್ಳೋಕೆ ಪಾಡು ಪಡ್ತಿದಾಳೆ. ನಗಲಿ ಬಿಡಿ. ಇದಕ್ಕೆ ನನಗೆ ಮಾರ್ಕ್ಸ್ ಇದೆ.

ನಾನು ಯೂನಿವರ್ಸಿಟೀಲಿ ಓದ್ತಿರೋದು ಹೊರಾಂಗಣ ಮನರಂಜನೆ ಮತ್ತು ಪರಿಸರ ಪ್ರವಾಸೋದ್ಯಮ. ಕೋರ್ಸಿನ ಹೆಸರು ಹೇಳಿ ಮುಗಿಸೋ ಅಷ್ಟರಲ್ಲಿ ಎದುರಿಗಿರೋರ ಬಾಯಲ್ಲಿ ಪ್ರಶ್ನೆ ರೆಡಿ: "ಟ್ರೆಕ್ಕಿಂಗ್ ಮಾಡೋಕೂ ಡಿಗ್ರಿ ಬೇಕಾ?" ಮೂರು ವರ್ಷದಿಂದ ಇದನ್ನೇ ಕೇಳಿಸ್ಕೊಳ್ತಿದೀನಿ. ಟ್ರೆಕ್ಕಿಂಗ್ ಮಾಡೋಕೆ ಬೇಡ. ನೀವು ಮಾಡಿ ಹೋದ್ಮೇಲೆ ಆ ಜಾಗ ಏನಾಗುತ್ತೆ ಅಂತ ಲೆಕ್ಕ ಇಡೋರಿಗೆ ಬೇಕು.

ಹಾಗಂತ ನಾನೇನು ಎಲ್ಲಾ ತಿಳ್ಕೊಂಡು ಸೇರಿದ್ದಲ್ಲ. ಬೆಟ್ಟ, ಹಗ್ಗ, ಕಯಾಕ್, ಟೆಂಟು ಅಂತ ಕನಸು ಕಂಡು ಬಂದವರಲ್ಲಿ ನಾನೂ ಒಬ್ಬ. ಮೊದಲ ಸೆಮಿಸ್ಟರ್‌ನಲ್ಲಿ ಸಿಕ್ಕಿದ್ದು ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನ, ಮಣ್ಣು, ಕಾನೂನು. ಹಗ್ಗ ಕೈಗೆ ಬರೋಕೆ ಮುಂಚೆ ಎಕ್ಸೆಲ್ ಶೀಟ್ ಬಂತು.

ಹಗ್ಗನೂ ಬಂತು, ಇಲ್ಲ ಅನ್ನಲ್ಲ. ಈ ಕ್ಲಿಪ್ ಪ್ರಥಮ ಚಿಕಿತ್ಸೆ ತರಬೇತೀದು. ಆಸ್ಪತ್ರೆ ಗಂಟೆಗಟ್ಟಲೆ ದೂರ ಇರೋ ಕಡೆ ಏನು ಮಾಡ್ಬೇಕು ಅನ್ನೋದೇ ಇದರ ವಿಷಯ. ನೆಲದ ಮೇಲೆ ಮಲಗಿರೋ ಆಸಾಮಿ ನಾನೇ. ನನ್ನ ಪಾತ್ರ, ತೊಡೆ ಮೂಳೆ ಮುರಿದ ಪ್ರವಾಸಿ. ನಾಲ್ಕು ಜನ ಸುತ್ತ ಕೂತು ನಾಡಿ ನೋಡಿದ್ರು, ಕಾಲಿಗೆ ಕೋಲು ಕಟ್ಟಿದ್ರು, ಮೇಲೆ ಎರಡು ಜಾಕೆಟ್ ಹೊದಿಸಿದ್ರು. ನಾನು ಮಾತ್ರ ಗಡಗಡ ನಡುಗ್ತಾನೇ ಇದ್ದೆ, ಅದು ನಟನೆ ಅಲ್ಲ. ಮೇಡಂ ಬಂದು ಒಂದೇ ಪ್ರಶ್ನೆ ಕೇಳಿದ್ರು: "ಕೆಳಗೆ ಏನು ಹಾಸಿದೀರಿ?" ಯಾರೂ ಏನೂ ಹಾಸಿರಲಿಲ್ಲ. ತಣ್ಣಗಿನ ನೆಲ ಮೈ ಬಿಸಿಯನ್ನ ಹೀರ್ತಾನೇ ಇರುತ್ತೆ, ಮೇಲೆ ಎಷ್ಟು ಹೊದಿಸಿದ್ರೂ ಅಷ್ಟೇ. ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಒಂದು ಮ್ಯಾಟ್ ಇಲ್ಲದೆ ನಾನು ಎಲ್ಲೂ ಹೋಗಿಲ್ಲ.

ಸರಿ, ಶೂ ಕಥೆಗೆ ಬರೋಣ.

ಇಕೋಟೂರಿಸಂ, ಅಂದ್ರೆ ಪ್ರಕೃತಿಗೆ ಪೆಟ್ಟಾಗದ ಹಾಗೆ ಮಾಡೋ ಪ್ರವಾಸ, ಈ ಮಾತನ್ನ ಚಲಾವಣೆಗೆ ತಂದ ಹೆಗ್ಗಳಿಕೆ ಸಾಮಾನ್ಯವಾಗಿ ಮೆಕ್ಸಿಕೋದ ವಾಸ್ತುಶಿಲ್ಪಿ ಹೆಕ್ಟರ್ ಸೆಬಾಯೋಸ್ ಲಾಸ್ಕುರಾಯಿನ್ ಅವರಿಗೆ ಸಲ್ಲುತ್ತೆ, 1983ರಲ್ಲಿ. 2002ನ್ನ ವಿಶ್ವಸಂಸ್ಥೆ ಇಕೋಟೂರಿಸಂ ವರ್ಷ ಅಂತಾನೇ ಘೋಷಿಸ್ತು. ಈಗಂತೂ ಎರಡು ಗಿಡ ನೆಟ್ಟು, ಟವೆಲ್ ದಿನಾ ಒಗೆಯಲ್ಲ ಅಂತ ಬೋರ್ಡ್ ಹಾಕಿದ ರೆಸಾರ್ಟೂ ಇಕೋನೇ. ಆ ವಿಷಯಕ್ಕೆ ಕೈ ಹಾಕಿದ್ರೆ ಇನ್ನೊಂದು ವಿಡಿಯೋ ಆಗುತ್ತೆ, ಬೇಡ.

ನಮ್ಮ ಓದಿನಲ್ಲಿ ಬಹಳ ಹಳೇ ಪ್ರಶ್ನೆ ಒಂದಿದೆ. ಒಂದು ಜಾಗ ಎಷ್ಟು ಜನರನ್ನ ತಡ್ಕೊಳ್ಳುತ್ತೆ? ಹುಲ್ಲುಗಾವಲು ಎಷ್ಟು ದನಗಳಿಗೆ ಸಾಕಾಗುತ್ತೆ ಅಂತ ಲೆಕ್ಕ ಹಾಕೋ ಥರಾನೇ, ಕಾಡಿಗೆ ಎಷ್ಟು ಪ್ರವಾಸಿಗರು ಅಂತ. ಧಾರಣಶಕ್ತಿ ಅಂತಾರೆ. 1960ರ ದಶಕದಿಂದ ಈ ನಂಬರ್ ಹುಡುಕಾಟ ನಡೀತು. ಆದರೆ ಒಂದೇ ಒಂದು ನಂಬರ್ ಯಾರ ಕೈಗೂ ಸಿಗಲಿಲ್ಲ. ಹತ್ತು ಜನ ಗಲಾಟೆ ಮಾಡ್ಕೊಂಡು ದಾರಿ ಬಿಟ್ಟು ನಡೆದ್ರೆ ಆಗೋ ಹಾನಿ, ನೂರು ಜನ ದಾರೀಲೇ ನಡೆದ್ರೆ ಆಗದೇ ಇರಬಹುದು. ಅದಕ್ಕೆ 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದ್ರು. ಎಷ್ಟು ಜನ ಅಂತ ಕೇಳಬೇಡಿ, ಎಷ್ಟು ಬದಲಾವಣೆಯನ್ನ ನಾವು ಒಪ್ಕೊಳ್ಳೋಕೆ ತಯಾರಿದೀವಿ ಅಂತ ಕೇಳಿ. ಬದಲಾವಣೆಯನ್ನ ಒಪ್ಪೋದು ಬಿಡೋದು ಆಮೇಲೆ, ಮೊದಲು ಅದನ್ನ ಅಳೀಬೇಕಲ್ಲ? ಅಲ್ಲಿಗೆ ನನ್ನ ಶೂ ಬಂತು.

ಈ ಪ್ರಯೋಗದ ವಿಧಾನವನ್ನ ಕೋಲ್ ಮತ್ತು ಬೇಫೀಲ್ಡ್ ಅನ್ನೋ ಇಬ್ಬರು ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ್ರು. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳು. ಒಂದರ ಮೇಲೆ ಯಾರೂ ಕಾಲಿಡೋ ಹಾಗಿಲ್ಲ. ಉಳಿದವುಗಳ ಮೇಲೆ 25, 75, 200, 500 ಸಲ ನಡೀಬೇಕು. ನಡೆಯೋಕೆ ಮುಂಚೆ ಗಿಡಗಳನ್ನ ಅಳೀಬೇಕು, ಎರಡು ವಾರ ಬಿಟ್ಟು ಅಳೀಬೇಕು, ಒಂದು ವರ್ಷ ಬಿಟ್ಟು ಮತ್ತೆ ಅಳೀಬೇಕು.

ಅಳೆಯೋದು ಅಂದ್ರೆ ಹೀಗೆ. ಈ ಶಾಟ್ ಸ್ವಲ್ಪ ಹತ್ತಿರದಿಂದ ತೆಗೆದಿದೀನಿ, ನೋಡಿ. ನೆಲದ ಮೇಲೆ ಒಂದು ಚೌಕಟ್ಟು ಇಡ್ತೀವಿ. ಮಂಡಿಯೂರಿ ಬಗ್ಗಿ, ಒಳಗೆ ಹಸಿರು ಎಷ್ಟು ಪರ್ಸೆಂಟ್, ಬರೀ ಮಣ್ಣು ಎಷ್ಟು ಅಂತ ಕಣ್ಣಂದಾಜಲ್ಲಿ ಹೇಳ್ಬೇಕು. ನಾನು ಅರವತ್ತು ಅಂತೀನಿ, ಗೆಳತಿ ನಲವತ್ತೈದು ಅಂತಾಳೆ. ಎಲೆ ಎತ್ತಿ ನೋಡು, ಕೆಳಗೆ ಇನ್ನೊಂದು ಎಲೆ ಇದೆ ಅಂತ ಜಗಳ. ಬೆನ್ನು ಹಿಡ್ಕೊಳ್ಳುತ್ತೆ, ಸೊಳ್ಳೆ ಕಿವಿಯಲ್ಲಿ ಹಾಡುತ್ತೆ. ಸಾಹಸ ಕ್ರೀಡೆ ಅಂದ್ರೆ ಇದೇ ಸ್ವಾಮಿ.

ಎರಡು ಜಾಗದಲ್ಲಿ ಮಾಡಿದ್ವಿ. ಒಂದು ಬಿಸಿಲಲ್ಲಿರೋ ಹುಲ್ಲುಗಾವಲು, ಇನ್ನೊಂದು ಮರಗಳ ನೆರಳಿನ ನೆಲ. ಹುಲ್ಲು ಗಟ್ಟಿ ಪಿಂಡ. ಅದರ ಚಿಗುರೋ ಜಾಗ ಬುಡದಲ್ಲಿ, ಮಣ್ಣಿಗೆ ಅಂಟ್ಕೊಂಡೇ ಇರುತ್ತೆ. ತುಳಿದ್ರೆ ಮಲಗುತ್ತೆ, ಮತ್ತೆ ಏಳುತ್ತೆ. 75 ಸಲ ನಡೆದ ಪಟ್ಟಿ ಎಲ್ಲಿತ್ತು ಅಂತ ಎರಡು ವಾರ ಆದ್ಮೇಲೆ ಗೂಟ ನೋಡಿ ಹುಡುಕಬೇಕಾಯ್ತು. ನೆರಳಿನ ಕಥೆ ಬೇರೆ. ಅಲ್ಲಿ ಎಳೇ ದಂಟಿನ, ಅಗಲ ಎಲೆಯ ಗಿಡಗಳು. ನೆಟ್ಟಗೆ ನಿಂತಿರ್ತಾವೆ, ಬಗ್ಗೋದು ಗೊತ್ತಿಲ್ಲ, ಪಟ್ ಅಂತ ಮುರೀತಾವೆ. ಬರೀ 25 ಸಲಕ್ಕೇ ದಾರಿ ಬಿದ್ದ ಹಾಗೆ ಕಾಣ್ತಿತ್ತು.

ಆಮೇಲೆ ನೆರಳಿನ ಜಾಗದ ಗ್ರಾಫ್ ಹಾಕಿದ್ವಿ. ನಾನು ಅಂದ್ಕೊಂಡಿದ್ದು ಓರೆಯಾದ ಒಂದು ನೇರ ಗೆರೆ. ಜನ ಎರಡು ಪಟ್ಟಾದ್ರೆ ಹಾನಿನೂ ಎರಡು ಪಟ್ಟು, ಅಲ್ವಾ? ಅಲ್ಲ. ಗೆರೆ ಶುರುವಿನಲ್ಲೇ ಧಡಾರ್ ಅಂತ ಏರಿ, ಆಮೇಲೆ ಹೆಚ್ಚುಕಮ್ಮಿ ಮಟ್ಟಸ ಆಗೋಯ್ತು. ಹೆಚ್ಚಿನ ಪೆಟ್ಟು ಮೊದಲ ಕೆಲವು ಹೆಜ್ಜೆಗಳದ್ದೇ. 200ಕ್ಕೂ 500ಕ್ಕೂ ನಡುವೆ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ, ಯಾಕಂದ್ರೆ ಹಾಳಾಗೋಕೆ ಅಲ್ಲಿ ಬಾಕಿ ಏನೂ ಇರಲಿಲ್ಲ.

ಈ ಗ್ರಾಫ್ ನೋಡ್ತಾ ನನಗೆ ನನ್ನ ಹಳೇ ವಿಡಿಯೋ ಒಂದು ನೆನಪಾಯ್ತು. ಈ ಚಾನೆಲ್ಲಿನಲ್ಲೇ ಇತ್ತು. ಫಸ್ಟ್ ಇಯರ್‌ನಲ್ಲಿ ಹಾಕಿದ್ದು. ಟೈಟಲ್ಲು, "ಯಾರಿಗೂ ಗೊತ್ತಿಲ್ಲದ ಜಾಗ". ಕೆಳಗೆ ಲೊಕೇಷನ್ ಲಿಂಕು. ಹೌದು, ಗೊತ್ತು. ಯಾರಿಗೂ ಗೊತ್ತಿಲ್ಲ ಅಂತ ಹೇಳಿ, ಎಲ್ಲರಿಗೂ ದಾರಿ ತೋರಿಸಿದ ಮಹಾನುಭಾವ. ಆರೇಳು ತಿಂಗಳು ಬಿಟ್ಟು ಹೋದಾಗ ಅಲ್ಲಿ ಮೂರು ಕಳ್ಳದಾರಿ ಬಿದ್ದಿತ್ತು, ಮೂರೂ ನಾನು ಕ್ಯಾಮೆರಾ ಇಟ್ಟ ಬಂಡೆಗೇ ಬಂದು ಸೇರ್ತಿದ್ವು. ನನ್ನ ವಿಡಿಯೋ ನೋಡೇ ಬಂದ್ರು ಅಂತ ಸಾಬೀತು ಮಾಡೋಕಾಗಲ್ಲ. ಆದರೂ ಅವತ್ತೇ ಡಿಲೀಟ್ ಮಾಡಿದೆ. ಈ ವಿಡಿಯೋದಲ್ಲಿ ನಾವು ಓಡಾಡಿದ ಒಂದೂ ಜಾಗದ ಹೆಸರು ಯಾಕಿಲ್ಲ ಅಂತ ಕೇಳೋರಿಗೆ ಕಾರಣ ಇದೇ.

ಸಾವಿರಾರು ಜನ ಬರೋ ಜಾಗಗಳ ಕಷ್ಟ ಇನ್ನೊಂದು ಥರ. ಥಾಯ್ಲೆಂಡಿನ ಮಾಯಾ ಬೇ ನೋಡಿ. ಒಂದು ಸಿನಿಮಾದಲ್ಲಿ ಕಾಣಿಸ್ಕೊಂಡಿದ್ದೇ ನೆಪ, ದೋಣಿ ಮೇಲೆ ದೋಣಿ. ಹವಳ ಹಾಳಾಗಿ, 2018ರಲ್ಲಿ ಮುಚ್ಚಿದ್ರು. 2022ರ ಜನವರೀಲಿ ಮತ್ತೆ ತೆರೆದಾಗ ದೋಣಿಗಳನ್ನ ಕೊಲ್ಲಿಯ ಒಳಗೆ ಬಿಡಲಿಲ್ಲ, ದ್ವೀಪದ ಹಿಂಭಾಗದಲ್ಲಿ ಇಳಿದು ನಡೆದು ಬರ್ಬೇಕು ಅಂತ ಮಾಡಿದ್ರು. ನನಗೆ ಇಷ್ಟ ಆಗೋದು ಇಂಥ ಉಪಾಯ. ಬರಬೇಡಿ ಅಂತ ಬೋರ್ಡ್ ಹಾಕೋದಕ್ಕಿಂತ, ಎಲ್ಲಿ ಕಾಲಿಡಬೇಕು ಅಂತ ಜಾಗ ತೋರಿಸೋದು.

ಇದೇ ಲೆಕ್ಕದಿಂದ ಬಂದ ಒಂದು ನಿಯಮ ಕೇಳಿದ್ರೆ ಎಲ್ಲರೂ ಮುಖ ಸಿಂಡರಿಸ್ತಾರೆ. ದಾರೀಲಿ ಕೆಸರಿದ್ರೆ ಪಕ್ಕಕ್ಕೆ ಸರೀಬೇಡಿ, ಕೆಸರಿನ ನಡುವೆಯೇ ನಡೀರಿ. ಒಬ್ಬರ ಹಿಂದೆ ಒಬ್ಬರು. ಶೂ ಉಳಿಸ್ಕೊಳ್ಳೋಕೆ ಒಬ್ಬರು ಅಂಚಿನ ಮೇಲೆ ಕಾಲಿಟ್ರೆ ಅಲ್ಲೂ ಹುಲ್ಲು ಹೋಗಿ ಕೆಸರಾಗುತ್ತೆ, ಮುಂದಿನವರು ಇನ್ನೂ ಆಚೆ ಹೋಗ್ತಾರೆ. ಹೀಗೇ ಒಂದು ಕಾಲುದಾರಿ ಬಂಡಿದಾರಿ ಆಗೋದು. ಆದರೆ ದಾರಿಯೇ ಇಲ್ಲದ ಕಡೆ ಪೂರ್ತಿ ಉಲ್ಟಾ: ಒಬ್ಬರ ಹೆಜ್ಜೆ ಮೇಲೆ ಇನ್ನೊಬ್ಬರು ನಡೀಬೇಡಿ, ಹರಡ್ಕೊಳ್ಳಿ. ಮೊದಲ ವರ್ಷ ಇದನ್ನ ಬಾಯಿಪಾಠ ಮಾಡಿದ್ದೆ. ಗ್ರಾಫ್ ನೋಡಿದ್ಮೇಲೆ ಯಾಕೆ ಅಂತ ಗೊತ್ತಾಯ್ತು: ದಾರೀಲಿ ಹಾಳಾಗೋದೆಲ್ಲ ಆಗ್ಲೇ ಹಾಳಾಗಿದೆ, ದಾರಿ ಇಲ್ಲದ ಕಡೆ ಒಂದೇ ಜಾಗಕ್ಕೆ ಹೆಜ್ಜೆ ಮೇಲೆ ಹೆಜ್ಜೆ ಬೀಳಬಾರದು.

ಕೆಲಸ ಸಿಗುತ್ತಾ ಅಂತ ಕೇಳೋರು ಬಹಳ ಜನ. ಸಿಗುತ್ತೆ. ಗೈಡ್, ಇನ್‌ಸ್ಟ್ರಕ್ಟರ್, ಉದ್ಯಾನಗಳಲ್ಲಿ ಪ್ರವಾಸಿಗರ ನಿರ್ವಹಣೆ, ಯೋಜನೆ ಮಾಡೋ ಆಫೀಸುಗಳು. ಬಹಳಷ್ಟು ಸೀಸನ್ ಕೆಲಸ, ಅದನ್ನ ಮುಚ್ಚಿಟ್ಟು ಹೇಳೋದು ತಪ್ಪಾಗುತ್ತೆ. ಬರೀ ಬೆಟ್ಟ ಹತ್ತೋದು ಇಷ್ಟ ಅಂದ್ರೆ ಬೇರೆ ಏನಾದ್ರೂ ಓದಿ, ವೀಕೆಂಡಲ್ಲಿ ಹತ್ತಿ. ನಿಮ್ಮ ಜೊತೆ ಹತ್ತೋರ ಬಗ್ಗೆ ಕುತೂಹಲ ಇದ್ರೆ ಮಾತ್ರ ಇಲ್ಲಿ ಬನ್ನಿ.

ಈ ಕೊನೇ ಕ್ಲಿಪ್ ಹೋದ ವಾರದ್ದು. ವರ್ಷ ಆಯ್ತು, ಅಳೆಯೋಕೆ ವಾಪಸ್ ಹೋಗಿದ್ವಿ. ನೆರಳಿನ ಜಾಗ ಇದು. 25ರ ಪಟ್ಟಿ ಸುಮಾರಾಗಿ ತುಂಬ್ಕೊಂಡಿದೆ. 200 ಮತ್ತು 500 ಇನ್ನೂ ಮಣ್ಣು ಮಣ್ಣಾಗೇ ಇವೆ. ಅದು ಗೊತ್ತಿದ್ದಿದ್ದೇ. ಆದರೆ ಸರಿಯಾಗಿ ನೋಡಿ, ಪಟ್ಟಿಗಳ ಈ ಬದೀಲಿ ಇನ್ನೊಂದು ಬೋಳು ಜಾಗ ಇದೆ, ಉದ್ದಕ್ಕೆ, ಎಲ್ಲಕ್ಕಿಂತ ಅಗಲವಾಗಿ. ಅದಕ್ಕೆ ಗೂಟ ಇಲ್ಲ, ನಂಬರ್ ಇಲ್ಲ. "ಇದ್ಯಾವುದೇ?" ಅಂದೆ. ಗೆಳತಿ ಸ್ವಲ್ಪ ಹೊತ್ತು ನೋಡಿದ್ಲು, ಆಮೇಲೆ ಅದರ ಮೇಲೇ ಮಂಡಿಯೂರಿ, ಹೋದ ವರ್ಷದ ಥರಾನೇ ಚೌಕಟ್ಟಿನ ಕಡೆ ಬಗ್ಗಿದ್ಲು. ನಾವು ಕೂತು ಎಣಿಸಿದ ಜಾಗ ಅದು. ನನ್ನ ಟ್ರೈಪಾಡ್ ಇಟ್ಟಿದ್ದೂ ಅಲ್ಲೇ.

ಅಲ್ಲಿ ಎಷ್ಟು ಸಲ ಓಡಾಡಿದ್ವಿ ಅಂತ ಮಾತ್ರ ಯಾರೂ ಕೌಂಟರ್ ಒತ್ತಿರಲಿಲ್ಲ.