ನೋವಿಲ್ಲದೆ ಹಲ್ಲು ಕೀಳಲಾಗುವುದು!

ಕೇಳುಗರಿಗೆ ನಮಸ್ಕಾರ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, 1878ರ ದಂತವೈದ್ಯರ ಕಾಯ್ದೆ ಬರುವವರೆಗೂ ಯಾರು ಬೇಕಾದರೂ ದಂತವೈದ್ಯ ಅಂತ ಬೋರ್ಡು ಹಾಕಿಕೊಳ್ಳಬಹುದಿತ್ತು. ಕೈಯಲ್ಲೊಂದು ಇಕ್ಕಳ ಇದ್ದರೆ ಆಯಿತು, ಮಿಕ್ಕದ್ದನ್ನು ಜಾಹೀರಾತು ನೋಡಿಕೊಳ್ಳುತ್ತಿತ್ತು. ಅದರಲ್ಲಿ ಮತ್ತೆ ಮತ್ತೆ ಕಾಣುವ ಮಾತು, ‘ನೋವಿಲ್ಲದೆ’.

ಕಾಯ್ದೆ ಬಂದ ಮೇಲೂ ಬೀದಿ ವೈದ್ಯ ನಿಲ್ಲಲಿಲ್ಲ. 1880ರ ದಶಕದ ಕೊನೆಗೆ ‘ಸೀಕ್ವಾ’ ಎಂಬ ಹೆಸರಿನವನು ಅಮೆರಿಕದ ಕಾಡುಸೀಮೆಯ ವೇಷ ತೊಟ್ಟು, ಥಳಥಳಿಸುವ ಬಂಡಿ ಏರಿ, ಜಾತ್ರೆಯಂತೆ ನೆರೆದವರ ಎದುರು ಹಲ್ಲು ಕೀಳುತ್ತಿದ್ದ. ಜೊತೆಗೆ ಬ್ಯಾಂಡು. ಅದು ಜನರನ್ನು ಸೇರಿಸುತ್ತಿತ್ತು, ರೋಗಿಯ ಕೂಗನ್ನೂ ಮುಚ್ಚುತ್ತಿತ್ತು. ಅಲ್ಲಾಡುವ ಹಲ್ಲಾದರೆ ಕ್ಷಣದಲ್ಲಿ ಕೈಗೆ ಬರುತ್ತದೆ. ಬೇರು ಭದ್ರವಾಗಿರುವ ದವಡೆ ಹಲ್ಲಿಗೆ ಡೋಲು ಜೋರಾಗಬೇಕು!

ಕಡಲಾಚೆ, ಅಮೆರಿಕದ ಆಲ್ಬನಿಯಲ್ಲಿ 1885ರ ಹೊತ್ತಿಗೆ ಹಲ್ಲುನೋವಿನ ಕೋಕೇನ್ ಹನಿ ಬಂತು. ಬೆಲೆ 15 ಸೆಂಟ್, ‘ತಕ್ಷಣದ ಗುಣ’ ಎಂಬ ಭರವಸೆ, ಚಿತ್ರದಲ್ಲಿ ಆಡುವ ಪುಟ್ಟ ಮಕ್ಕಳು. ಮಾತು ಪೂರ್ತಿ ಸುಳ್ಳೂ ಅಲ್ಲ. ತೂತುಬಿದ್ದ ಹಲ್ಲಿಗೆ ಹನಿ ತಾಕಿದರೆ ನರ ಜೋಮು ಹಿಡಿಯುತ್ತದೆ. ಹುಳುಕು ಮಾತ್ರ ಇದ್ದಲ್ಲೇ ಇರುತ್ತದೆ. ಜೋಮು ಇಳಿದರೆ ನೋವು ಹಾಜರು, ಮತ್ತೆ 15 ಸೆಂಟ್.

ನನಗೆ ಎಲ್ಲಕ್ಕಿಂತ ರುಚಿಸುವುದು ಕಟ್ಟಿಸಿದ ಹಲ್ಲಿನ ಜಾಹೀರಾತು: ‘ಸ್ಪ್ರಿಂಗಿಲ್ಲ, ತಂತಿಯಿಲ್ಲ, ಗಾಳಿಯ ಒತ್ತಡದಿಂದಲೇ ನಿಲ್ಲುವ ಸೆಟ್ಟು’. ಅದಕ್ಕೆ ಮೊದಲು ನೀರಾನೆ ದಂತದ ಸೆಟ್ಟುಗಳಿದ್ದವು. ಅವು ಎಂಜಲು ಹೀರಿ ನಾರುತ್ತಿದ್ದವು. ಮೇಲಿನ ಸೆಟ್ಟನ್ನು ಕೆಳಗಿನದಕ್ಕೆ ಸ್ಪ್ರಿಂಗಿನಿಂದ ಬಿಗಿಯುತ್ತಿದ್ದರು. ಬಾಯಿ ಅಗಲಿಸಿದರೆ ಸೆಟ್ಟು ಹೊರಗೆ ನೆಗೆಯುವ ಭಯ! 1850ರ ದಶಕದ ನಂತರ ವಲ್ಕನೈಟ್ ಎಂಬ ಗಟ್ಟಿ ರಬ್ಬರು ಬಂತು. ಬಾಯಿಯ ಅಚ್ಚು ತೆಗೆದು, ಗಂಧಕ ಬೆರೆಸಿದ ರಬ್ಬರನ್ನು ಅದಕ್ಕೆ ಒತ್ತಿ, ಮುಚ್ಚಿದ ಪಾತ್ರೆಯ ಹಬೆಯಲ್ಲಿ ಸುಮಾರು 160 ಡಿಗ್ರಿಗೆ, ಹೆಚ್ಚು ಕಡಿಮೆ ಒಂದು ಗಂಟೆ ಬೇಯಿಸಿದರೆ ಹಲ್ಲು ಕೂರಿಸುವ ಗಟ್ಟಿ ತಟ್ಟೆ ಸಿದ್ಧ. ವಸಡಿನ ಕೆಂಪು ಬಣ್ಣಕ್ಕೆ ಬೆರೆಸುತ್ತಿದ್ದದ್ದು ಇಂಗುಲೀಕ, ಅಂದರೆ ಪಾದರಸ ಮತ್ತು ಗಂಧಕ ಸೇರಿದ ಸಂಯುಕ್ತ! ತಟ್ಟೆ ಅಂಗುಳಕ್ಕೆ ಸರಿಯಾಗಿ ಕೂತರೆ ನಡುವಿನ ಎಂಜಲ ಪದರವೇ ಅದನ್ನು ಹಿಡಿದುಕೊಳ್ಳುತ್ತದೆ.

ಆದರೆ ಹಲ್ಲು ಕಿತ್ತ ದಿನವೇ ಸೆಟ್ಟು ಕೊಡುತ್ತೇವೆ ಎನ್ನುವವರ ಹತ್ತಿರ ಹೋದರೆ? ಕಿತ್ತ ಜಾಗದ ಮೂಳೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಇವತ್ತು ಬಿಗಿಯಾಗಿ ಕೂತದ್ದು ನಾಲ್ಕು ತಿಂಗಳಲ್ಲಿ ಊಟದ ನಡುವೆ ಕಳಚಿ ತಟ್ಟೆಗೆ ಬೀಳಬಹುದು. ಜಾಹೀರಾತಿನ ಕೊನೆಯ ಸಾಲು ಅದಕ್ಕೇ ಇರುತ್ತಿತ್ತು: ‘ಹಳೆಯ ಸೆಟ್ಟುಗಳನ್ನು ಸರಿಹೊಂದಿಸಿಕೊಡಲಾಗುವುದು.’