ಡಿಸ್ಟಿಲ್ಡ್ ವಾಟರ್: ಕ್ಯಾನ್ ತರುವುದೇ, ಯಂತ್ರ ಕೊಳ್ಳುವುದೇ?

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಇನ್ವರ್ಟರ್‌ಗೆ ಬಿಡುವಿಲ್ಲ. ಮರ ಬಿದ್ದು ತಂತಿ ತುಂಡಾದರೆ ಎರಡು ಮೂರು ದಿನ ಕತ್ತಲೆ. ಮೂಡಿಗೆರೆ ಬಳಿಯ ನನ್ನ ಅಕ್ಕನ ಮನೆಯಲ್ಲಿ ಒಮ್ಮೆ ಬ್ಯಾಟರಿಯ ನೀರು ತಳ ಕಂಡಿತ್ತು. ಪೇಟೆಗೆ ಹೋಗಲಾಗದೆ ಭಾವ ಕೊಳವೆಬಾವಿಯ ನೀರನ್ನೇ ಸುರಿದರು. ಕೆಲವೇ ತಿಂಗಳಲ್ಲಿ ಬ್ಯಾಟರಿ ಕೈಕೊಟ್ಟಿತು. "ಡಿಸ್ಟಿಲ್ಡ್ ವಾಟರ್ ಇಳಿಸುವ ಯಂತ್ರವನ್ನೇ ತಂದುಬಿಡೋಣವೇ?" ಎಂದು ಅಕ್ಕ ಕೇಳಿದಳು. ಡಿಸ್ಟಿಲ್ಡ್ ವಾಟರ್ ಎಂದರೆ ಬಟ್ಟಿ ಇಳಿಸಿದ ನೀರು: ನೀರನ್ನು ಕುದಿಸಿ, ಬಂದ ಆವಿಯನ್ನು ತಣಿಸಿ ಹಿಡಿದದ್ದು. ಬ್ಯಾಟರಿಗೆ ಹಾಕಬೇಕಾದ್ದು ಅದನ್ನೇ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಟುಹೋಗುವುದು ನೀರು ಮಾತ್ರ. ಆಮ್ಲ ಒಳಗೇ ಉಳಿಯುತ್ತದೆ. ಕೊಳವೆಬಾವಿ ನೀರಿನ ಕ್ಲೋರೈಡ್, ಕಬ್ಬಿಣಗಳೂ ಹಾಗೆಯೇ ಉಳಿಯುತ್ತವೆ. ಸುರಿದಷ್ಟು ಸಲವೂ ಸೇರುತ್ತಾ ಹೋಗಿ ಸೀಸದ ಫಲಕಗಳನ್ನು ಹಾಳುಮಾಡುತ್ತವೆ.

ಇನ್ನು ಯಂತ್ರದ ಲೆಕ್ಕ. ನಾಲ್ಕು ಲೀಟರಿನ ಮನೆಬಳಕೆಯ ಯಂತ್ರ ಒಂದು ಸರದಿಗೆ ನಾಲ್ಕೈದು ಗಂಟೆ ಓಡಿ ಸುಮಾರು 3 ಯೂನಿಟ್ ಕರೆಂಟ್ ನುಂಗುತ್ತದೆ. ನಮ್ಮ ಎತ್ತರದಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, ಕರೆಂಟ್ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಳಿಯುವುದಿಲ್ಲ. ನೀರನ್ನು ಕುದಿಯುವ ತನಕ ಕಾಯಿಸುವುದಕ್ಕಿಂತ ಕುದಿಯುವ ನೀರನ್ನು ಆವಿ ಮಾಡುವುದಕ್ಕೆ ಸುಮಾರು ಏಳು ಪಟ್ಟು ಶಾಖ ಬೇಕು, ಖರ್ಚೆಲ್ಲ ಅಲ್ಲಿದೆ. ಅಕ್ಕನ ಮನೆಯ ಒಂದು ಬ್ಯಾಟರಿಗೆ ವರ್ಷಕ್ಕೆ ಬೇಕಾಗುವುದು ಕೆಲವೇ ಲೀಟರ್. ಕರೆಂಟ್ ಹೋದ ದಿನ ಯಂತ್ರವೂ ಸುಮ್ಮನೆ ಕೂರುತ್ತದೆ. ಆದ್ದರಿಂದ ಕ್ಯಾನ್ ಸಾಕು ಎಂದೆ.

ಅರಸೀಕೆರೆ, ಕಡೂರಿನ ಕಡೆಯ ಮಾತು ಬೇರೆ. ಅಲ್ಲಿ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಕೇಡು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಂತೆ ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟಿ ಇಳಿಸಿದರೆ ಅದು ತಳದಲ್ಲೇ ಉಳಿಯುತ್ತದೆ. ಅಂಥ ಮನೆಗೆ ಯಂತ್ರ ನಿಜವಾಗಿ ನೆರವಾಗುತ್ತದೆ. ಆದರೆ ದಿನಕ್ಕೆ ಹನ್ನೆರಡು ಲೀಟರ್ ಬೇಕೆಂದರೆ 9 ಯೂನಿಟ್! ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿಂದಲೇ ತನ್ನಿ ಎನ್ನುತ್ತೇನೆ. ಬಟ್ಟಿ ಇಳಿಸಿದ ನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲವಲ್ಲ ಎಂಬ ಚಿಂತೆ ನನಗಿಲ್ಲ; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಬ್ಯಾಟರಿ ಅಂಗಡಿಯ ಕ್ಯಾನ್ ಕುಡಿಯಲು ತುಂಬಿಸಿದ್ದಲ್ಲ. ಹಿರಿಯರಿಗೆ ಆಮ್ಲಜನಕ ಕೊಡುವ ಯಂತ್ರದ ನೀರಿನ ಬಾಟಲಿಗೂ ಅದನ್ನು ಹಾಕಬೇಡಿ. ಅದಕ್ಕೆ ಯಾವ ನೀರು ಎಂದು ವೈದ್ಯರನ್ನು ಕೇಳಿ ಔಷಧಿ ಅಂಗಡಿಯಿಂದಲೇ ತನ್ನಿ. ಹೆಸರು ಒಂದೇ ಆದರೂ ಎರಡನ್ನೂ ತುಂಬಿಸುವ ರೀತಿ ಒಂದೇ ಅಲ್ಲ.

ಅಕ್ಕ ಈ ವರ್ಷ ಮೇ ತಿಂಗಳಲ್ಲೇ ಎರಡು ಕ್ಯಾನ್ ತರಿಸಿ, ಎರಡರ ಮೇಲೂ ದಪ್ಪ ಅಕ್ಷರದಲ್ಲಿ 'ಕುಡಿಯಬಾರದು' ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಅಟ್ಟಕ್ಕೆ ಏರಿಸಿದ್ದಾಳೆ.

ನಮಸ್ಕಾರ.